ಖಾಲಿ ಕೂತವರ ಲೆಕ್ಕ

೯ ಜೂನ್ ೧೯೯೭, ಸೋಮವಾರ
ಚಾಂದ್‌ಖೇಡಾ, ಅಹಮದಾಬಾದ್

ನಿನ್ನೆ ಸಂಜೆಯ ಗಾಡಿಗೆ ಇವಳನ್ನು ಸೂರತ್ತಿಗೆ ಹತ್ತಿಸಿ ಬಂದೆ. ವರ್ಷಾನುಗಟ್ಟಲೆ ಬ್ಯಾಂಕಿನಲ್ಲಿ ಗುಮಾಸ್ತಳಾಗಿದ್ದವಳಿಗೆ ಈಗ ಆಫೀಸರ್ ಪ್ರಮೋಶನ್ ಬಂದಿದೆ. ಅದರ ಬಾಲಕ್ಕೆ ಕಟ್ಟಿದ ಹಾಗೆ ವರ್ಗವೂ ಬಂದಿದೆ. ಬ್ಯಾಂಕಿನಲ್ಲಿ ಎಲ್ಲರೂ ಅವಳನ್ನು ಇಂದುಮತಿಬೆನ್ ಅನ್ನುತ್ತಾರೆ. ನನಗೆ ಇವಳು ಇವಳೇ. ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿ ನಮ್ಮ ಧಾರವಾಡದ ಮನೆಯಲ್ಲಿ ಇರಲಿಲ್ಲ, ಇಲ್ಲಿಗೆ ಬಂದ ಮೇಲೂ ಆಗಲಿಲ್ಲ.

ಹೆಚ್ಚು ತಲೆ ಕೆಡಿಸಿಕೊಳ್ಳುವಂಥದ್ದಿಲ್ಲ. ಆಗಸ್ಟ್ ಮುಗಿಯುವುದರೊಳಗೆ ಒಂದು ಅರ್ಜಿ ಕೊಟ್ಟರೆ ಪ್ರಮೋಶನ್ ಬಿಟ್ಟು, ಮೊದಲಿನ ಗುಮಾಸ್ತ ಕೆಲಸಕ್ಕೆ, ಮೊದಲಿನ ಊರಿಗೇ ಬರಬಹುದಂತೆ. ಅವಳ ಬ್ಯಾಂಕಿನ ಬಹಳಷ್ಟು ಹೆಂಗಸರು ಹಾಗೆಯೇ ಮಾಡಿದ್ದಾರೆ. ಇವಳೂ ಮಾಡುತ್ತಾಳೆ. ಎರಡು-ಮೂರು ತಿಂಗಳು ಹವಾ ಬದಲಾವಣೆ ಎಂದುಕೊಂಡರಾಯಿತು. ಅಲ್ಲಿಯವರೆಗೆ ನಾನು ಮತ್ತು ಎಂಟನೇ ತರಗತಿಯ ಮಗಳು ಪೂರ್ವಿ.

ಸಂಜೆ ಮನೆಯಲ್ಲಿ ಮಾತಿಗೆ ಜನ ಇಲ್ಲ. ಪೂರ್ವಿ ಕನಸಿನಲ್ಲೂ ಗುಜರಾತಿ ಮಾತಾಡುವ ಹುಡುಗಿ, ನನ್ನ ಕನ್ನಡಕ್ಕೆ ತಲೆಯಾಡಿಸಿ ಸುಮ್ಮನಾಗುತ್ತಾಳೆ. ಅದಕ್ಕೇ ಈ ಡೈರಿ.

೧೨ ಜೂನ್

ಕಚೇರಿಯಲ್ಲಿ ಹೊಸ ಕೆಲಸ ಕೊಟ್ಟಿದ್ದಾರೆ. ನಮ್ಮದು ಸೈನ್ಯದ ಲೆಕ್ಕಪತ್ರ ನೋಡುವ ಕಚೇರಿ. ಸೈನ್ಯದ ಲಾರಿ, ಜೀಪುಗಳ ರಿಪೇರಿಯನ್ನು ಸೈನ್ಯದ ವರ್ಕ್‌ಶಾಪಿನಲ್ಲೇ ಮಾಡಿಸುವುದು ಸೋವಿಯೋ, ಹೊರಗಿನ ಕಂತ್ರಾಟುದಾರನಿಗೆ ವಹಿಸುವುದು ಸೋವಿಯೋ ಎಂದು ತುಲನೆ ಮಾಡಿ ವರದಿ ಕೊಡಬೇಕು. ವಡೋದರಾದ ವರ್ಕ್‌ಶಾಪಿನಲ್ಲಿ ಎಲ್ಲವನ್ನೂ ಸ್ವಂತ ಜನರೇ ಮಾಡುತ್ತಾರೆ. ಇಲ್ಲಿ ಅಹಮದಾಬಾದಿನ ಒಂದು ತುಕಡಿಯ ಗಾಡಿಗಳನ್ನು ಪರೀಕ್ಷೆಗೆಂದು ಒಂದು ವರ್ಷ ಹಸ್ಮುಖಭಾಯಿ ಎಂಬ ಕಂತ್ರಾಟುದಾರನಿಗೆ ಕೊಟ್ಟಿದ್ದರು. ಎರಡು ಕಾಲಮ್ಮು ಹಾಕಿ ಕೂಡಿಸಿದರೆ ಉತ್ತರ ತಾನೇ ಬರುತ್ತದೆ. ಈಗ ಎಲ್ಲ ಕಡೆ ಖಾಸಗಿಯ ಗಾಳಿ, ಸಾಹೇಬರಿಗೆ ಯಾವ ಉತ್ತರ ಇಷ್ಟ ಎಂದು ಕೇಳುವ ಅಗತ್ಯವೂ ಇಲ್ಲ.

ಊಟಕ್ಕೆ ಮನೆಗೇ ಡಬ್ಬಿ ತಂದುಕೊಡುವ ಟಿಫಿನ್ ಹಚ್ಚಿದ್ದೇನೆ. ಬೇಳೆಯಲ್ಲಿ ಬೆಲ್ಲ. ಪೂರ್ವಿ ಚಪ್ಪರಿಸಿ ತಿನ್ನುತ್ತಾಳೆ.

೨೨ ಜೂನ್, ಭಾನುವಾರ

ನಿನ್ನೆ ಇವಳು ಬಂದಿದ್ದಳು. ಬಂದವಳು ಸೆರಗು ಸಿಕ್ಕಿಸಿ ಅಡಿಗೆಮನೆ ಹೊಕ್ಕಳು, ಎರಡು ವಾರದ ಬಟ್ಟೆ ಒಗೆದಳು, ಸಾರಿನ ಪುಡಿ ಮಾಡಿಟ್ಟಳು, ಪೂರ್ವಿಯ ಯೂನಿಫಾರ್ಮಿಗೆ ಗುಂಡಿ ಹಚ್ಚಿದಳು. ಇವತ್ತು ಸಂಜೆ ಹೋದಳು. ಸೂರತ್ ಹೇಗಿದೆ ಎಂದು ಕೇಳಬೇಕೆಂದಿದ್ದೆ, ಆಗಲೇ ಇಲ್ಲ. ಮನೆ ಮತ್ತೆ ಮನೆಯ ಹಾಗಾಯಿತು. ಅರ್ಜಿಯ ಮಾತು ತೆಗೆದೆ, ಇನ್ನೂ ದಿನ ಅದಾವಲ್ಲ ಎಂದಳು.

೨೭ ಜೂನ್
ವಡೋದರಾ

ವರ್ಕ್‌ಶಾಪಿಗೆ ಹೋಗಿದ್ದೆ. ನೋಡಿಕೊಳ್ಳುವವರು ಸುಬೇದಾರ್ ರಾಮಕೃಷ್ಣ, ಆಂಧ್ರದವರು, ಹಿಂದಿಯಲ್ಲೇ ಮಾತು. ಕಡತಗಳನ್ನೆಲ್ಲ ಒಪ್ಪವಾಗಿ ಇಟ್ಟಿದ್ದರು, ಆ ಬಗ್ಗೆ ದೂರಿಲ್ಲ. ಆದರೆ ಶೆಡ್ಡಿನ ಮೂಲೆಯಲ್ಲಿ ಕ್ರೇನಿನ ಲಾರಿಯ ನೆರಳಿಗೆ ನಾಲ್ಕೈದು ಜವಾನರು ಇಸ್ಪೀಟು ಆಡುತ್ತಿದ್ದರು. ಕೆಟ್ಟು ನಿಂತ ಗಾಡಿಗಳನ್ನು ಎಳೆದು ತರುವ ತಂಡ ಅದು. ಮುಂಜಾನೆ ನೋಡಿದಾಗಲೂ ಆಡುತ್ತಿದ್ದರು, ಊಟ ಮುಗಿಸಿ ಬಂದಾಗಲೂ ಆಡುತ್ತಿದ್ದರು. ನನ್ನನ್ನು ಕಂಡು ಮುಚ್ಚಿಡಲೂ ಇಲ್ಲ.

ಅವರ ಪಗಾರ, ಪಿಂಚಣಿ, ಕ್ವಾರ್ಟರ್ಸು ಎಲ್ಲ ಹಿಡಿದು ‘ಖಾಲಿ ಕೂತ ಸಮಯ’ ಎಂಬ ತಲೆಬರಹದ ಕೆಳಗೆ ನಷ್ಟಕ್ಕೆ ಬರೆದುಕೊಂಡೆ. ಇಂಥದ್ದು ಹಸ್ಮುಖಭಾಯಿಯ ಕಡೆ ಇಲ್ಲ. ಆತನದು ಬಿಲ್ಲು ಬರುತ್ತದೆ, ದುಡ್ಡು ಹೋಗುತ್ತದೆ, ಮುಗಿಯಿತು.

೨ ಜುಲೈ

ಹಸ್ಮುಖಭಾಯಿಯ ಗ್ಯಾರೇಜು ನೋಡಿ ಬಂದೆ. ಒಳ್ಳೆಯ ಮನುಷ್ಯ, ಹೆಸರಿಗೆ ತಕ್ಕ ನಗುಮುಖ. ಕೆಲಸ ಚೊಕ್ಕ. ಕೊಟ್ಟ ಗಾಡಿ ಹೇಳಿದ ದಿನಕ್ಕೆ ಕೈಸೇರುತ್ತದೆ. ಊಟದ ಹೊತ್ತಾದ್ದರಿಂದ ಬಿಡಲಿಲ್ಲ, ತನ್ನ ಡಬ್ಬಿಯಲ್ಲೇ ಪಾಲು ಹಾಕಿದ. ಗ್ಯಾರೇಜಿನ ಕ್ಯಾಂಟೀನನ್ನು ಯಾರಿಗೋ ಗುತ್ತಿಗೆಗೆ ಕೊಟ್ಟಿದ್ದಾನೆ, ಆದರೆ ತಾನು ಅದರಲ್ಲಿ ಉಣ್ಣುವುದಿಲ್ಲ. ‘ಆ ತೋ ಘರ್‌ನು ಛೆ, ಬಸವರಾಜ್‌ಭಾಯಿ’ ಇದು ಮನೆಯದು ಎಂದು ಮೆಂತ್ಯದ ಥೇಪ್ಲಾ ರೊಟ್ಟಿ ಮುಂದಿಟ್ಟು ಜೋರಾಗಿ ನಕ್ಕ. ನಾನೂ ನಕ್ಕೆ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

೬ ಜುಲೈ, ಭಾನುವಾರ

ವರದಿಯ ಕರಡು ತಯಾರು. ಕಂತ್ರಾಟು ಬಹಳ ಸೋವಿ. ಎರಡು ಕಾಲಮ್ಮುಗಳ ನಡುವಿನ ಅಂತರ ಕಂಡು ನನಗೇ ಖುಷಿಯಾಯಿತು.

ಕೈ ಬಿಸಿ ಇದ್ದಾಗಲೇ ಮನೆಯದೂ ಒಂದು ತುಲನಾ ಪಟ್ಟಿ ಮಾಡಿದೆ. ಒಂದು ಕಡೆ, ಇವಳು ಅಹಮದಾಬಾದಿನಲ್ಲಿದ್ದರೆ. ಇನ್ನೊಂದು ಕಡೆ, ಸೂರತ್ತಿನಲ್ಲಿದ್ದರೆ. ಅಲ್ಲಿನ ಖೋಲಿ ಬಾಡಿಗೆ, ರೈಲು, ಇಲ್ಲಿನ ಟಿಫಿನ್, ಭಾಂಡೆ ತಿಕ್ಕುವವಳು, ಇಸ್ತ್ರಿಯವನು. ಪ್ರಮೋಶನ್ನಿನಿಂದ ಹೆಚ್ಚಾದ ಪಗಾರವೆಲ್ಲ ಇದರಲ್ಲೇ ಕರಗಿ ಮೇಲೆ ಕೈಯಿಂದಲೂ ಹೋಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಜಗಳವಿಲ್ಲದೆ ತಿಳಿಸುವುದಕ್ಕೆ ಲೆಕ್ಕದಂಥ ಸಾಧನವಿಲ್ಲ.

೧೩ ಜುಲೈ, ಭಾನುವಾರ

ಇವಳು ಬಂದಿದ್ದಾಳೆ. ಮಧ್ಯಾಹ್ನ ಇವಳು ನಿಂತು ಹುರಳಿಕಾಯಿ ಸೋಸುತ್ತಿದ್ದಾಗ ಎರಡೂ ಕಾಗದ ಮುಂದಿಟ್ಟೆ. ಮೊದಲು ಕಚೇರಿಯದನ್ನು ಓದಿದಳು. ಚೆನ್ನಾಗಿ ಮಾಡೀರಿ ಎನ್ನುತ್ತಾಳೆ ಅಂದುಕೊಂಡಿದ್ದೆ. ಹಸ್ಮುಖಭಾಯಿಯ ಬಿಲ್ಲು ಯಾರು ತಪಾಸಣೆ ಮಾಡುತ್ತಾರೆ, ಗಾಡಿಯನ್ನು ಅಲ್ಲಿಗೆ ಯಾರು ಬಿಟ್ಟು ಯಾರು ತರುತ್ತಾರೆ, ಅವರ ಪಗಾರ ಯಾವ ಕಾಲಮ್ಮಿನಲ್ಲಿದೆ ಎಂದು ಕೇಳಿದಳು. ಬ್ಯಾಂಕಿನಲ್ಲಿ ಹೊಸದಾಗಿ ಆಫೀಸರ್ ಆದವರ ಪ್ರಶ್ನೆ. ಅದೆಲ್ಲ ಚಿಲ್ಲರೆ ಬಾಬತ್ತು ಎಂದೆ.

ಆಮೇಲೆ ಮನೆಯ ಪಟ್ಟಿ ತೆಗೆದುಕೊಂಡಳು. ಬೆರಳಿಟ್ಟು ಸಾಲು ಸಾಲಾಗಿ ಓದಿದಳು.

“ಈ ಮೊದಲನೇ ಕಾಲಮ್ಮಿನ್ಯಾಗ ನನ್ನ ಪಗಾರ ಎಷ್ಟ ಹಿಡದೀರಿ?” ಎಂದಳು.

ಕೆಳಗೆ ಬರೆದಿದ್ದೇನಲ್ಲ ಎಂದು ಬ್ಯಾಂಕಿನ ಪಗಾರ ತೋರಿಸಿದೆ.

“ಬ್ಯಾಂಕಿಂದಲ್ಲರಿ. ಈ ಕಡೆ ಟಿಫಿನ್‌ನವಗ ಕೊಟ್ಟೀರಿ, ಭಾಂಡೆ ತಿಕ್ಕಾಕಿಗೆ ಕೊಟ್ಟೀರಿ, ಇಸ್ತ್ರಿಯವಗ ಕೊಟ್ಟೀರಿ. ಆ ಕಡೆ ಅವೇ ಕೆಲಸ ಯಾರು ಮಾಡ್ಯಾರ? ಪುಕ್ಕಟ ಆಗ್ಯಾವೇನು?”

ದನಿ ಏರಿಸಲಿಲ್ಲ. ಕಾಗದ ಮಡಚಿ ನನ್ನ ಕೈಗಿಟ್ಟು ಮತ್ತೆ ಹುರಳಿಕಾಯಿಯ ನಾರು ತೆಗೆಯತೊಡಗಿದಳು. ನನಗೆ ಸಿಟ್ಟು ಬಂತು. ಮನೆಯ ಕೆಲಸಕ್ಕೆ ದರ ಕಟ್ಟುವುದು ಎಲ್ಲಿಯಾದರೂ ಉಂಟೇ? ನಿಯಮಾವಳಿಯಲ್ಲಿ ಅದಕ್ಕೆ ತಲೆಬರಹವೇ ಇಲ್ಲ.

೧೪ ಜುಲೈ

ಮುಂಜಾನೆಯ ಗಾಡಿಗೆ ಹೋದಳು. ಸ್ಟೇಷನ್ನಿಗೆ ಬಿಡಲು ನಾನು ಹೋಗಲಿಲ್ಲ.

೧೭ ಜುಲೈ

ಸುಮ್ಮನೆ ವಿಚಾರಿಸಿದೆ. ಹಸ್ಮುಖಭಾಯಿಯ ಬಿಲ್ಲು ಮತ್ತು ಕೆಲಸ ತಪಾಸಣೆಗೆ ಇಲ್ಲಿನ ತುಕಡಿ ಇಬ್ಬರು ಹವಾಲ್ದಾರರನ್ನೂ ಒಬ್ಬ ಗುಮಾಸ್ತನನ್ನೂ ವರ್ಷವಿಡೀ ಹಚ್ಚಿದೆ. ಗಾಡಿ ಬಿಟ್ಟು ತರುವ ಡ್ರೈವರುಗಳು ಬೇರೆ. ಅವರೆಲ್ಲರ ಪಗಾರ ತುಕಡಿಯ ಖಾತೆಯಲ್ಲೇ ಬಿದ್ದಿದೆ, ಕಂತ್ರಾಟಿನ ಹೆಸರಿಗೆ ಒಂದು ಪೈಸೆಯೂ ಇಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಇನ್ನೊಬ್ಬರ ತಟ್ಟೆಯ ನೊಣ ಎಣಿಸಿದ ಹಾಗಾಯಿತು. ಎರಡನೇ ಕಾಲಮ್ಮು ತಿದ್ದಿದೆ. ಅಂತರ ಅರ್ಧಕ್ಕಿಂತ ಕಡಿಮೆಯಾಯಿತು. ಇವಳಿಗೆ ಹೇಳುವ ಅಗತ್ಯವಿಲ್ಲ.

ಅರ್ಜಿಯನ್ನು ಇವಳ ಹೆಸರಿನಲ್ಲಿ ನಾನೇ ಟೈಪು ಮಾಡಿಸಿ ಬ್ಯಾಗಿನಲ್ಲಿಟ್ಟಿದ್ದೇನೆ. ಸಹಿಯೊಂದು ಬಾಕಿ. ಅವಳಿಗೂ ಕೆಲಸ ಹಗುರ.

೨೨ ಜುಲೈ

ಪೂರ್ವಿಗೆ ಜ್ವರ.

೨೩ ಜುಲೈ

ಮಲೇರಿಯಾ ಎಂದರು ಡಾಕ್ಟರು. ಗಾಬರಿ ಬೇಡ, ಮಾತ್ರೆ ತಪ್ಪದಿರಲಿ ಎಂದರು. ಹುಡುಗಿ ಗಂಜಿ ಬೇಕೆಂದಳು. ಟಿಫಿನ್‌ನವನಿಗೆ ಹೇಳಿದರೆ ಅದು ತಮ್ಮ ಮೆನುವಿನಲ್ಲಿಲ್ಲ ಎಂದ, ಅವನ ತಪ್ಪೂ ಅಲ್ಲ. ನಾನೇ ಮಾಡಲು ಹೋಗಿ ತಳ ಹಿಡಿಸಿದೆ. ‘ಪಪ್ಪಾ, ಚಾಲ್ಸೆ’ ಎಂದು ಅದನ್ನೇ ಕುಡಿದಳು. ನಡೆಯುತ್ತೆ ಎಂಬ ಆ ಮಾತು ಕೇಳಿ ಅಳು ಬಂದ ಹಾಗಾಯಿತು.

ಸೂರತ್ತಿನಿಂದ ಫೋನು. ರಜೆ ಹಾಕಿ ಈಗಲೇ ಹೊರಡುತ್ತೇನೆ ಎಂದಳು. ಬ್ಯಾಡ, ನಾ ಅದೀನಿ ಅಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಬಾ ಅನ್ನಬೇಕೆಂದೇ ಫೋನು ಎತ್ತಿದ್ದೆ.

೨೫ ಜುಲೈ

ರಜೆ. ದಿನವಿಡೀ ಏನೂ ಮಾಡಲಿಲ್ಲ. ಪೂರ್ವಿ ಮಲಗಿದ್ದಳು, ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ಎದ್ದರೆ ನೀರು ಕೊಡಬೇಕು, ಚಳಿ ಹತ್ತಿದರೆ ಹೊದಿಸಬೇಕು. ಬಹಳ ಹೊತ್ತು ಏಳಲೇ ಇಲ್ಲ. ಪೇಪರು ಓದಲೂ ಮನಸ್ಸಾಗಲಿಲ್ಲ, ಕಿವಿಯೆಲ್ಲ ಅವಳ ಉಸಿರಿನ ಕಡೆ. ಸಂಜೆಗೆ ಮೈ ನುಗ್ಗಾಗಿತ್ತು, ಏನು ಕೆಲಸ ಮಾಡಿದೆ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಜ್ವರ ಇಳಿದಿದೆ.

೩೧ ಜುಲೈ
ವಡೋದರಾ

ಕೊನೆಯ ಸಲ ಅಂಕಿ ತಾಳೆ ನೋಡಲು ಬಂದಿದ್ದೆ. ಪೂರ್ವಿ ಶಾಲೆಗೆ ಹೋಗುವಷ್ಟು ಆರಾಮಾಗಿದ್ದಾಳೆ, ಇಲ್ಲದಿದ್ದರೆ ಬರುತ್ತಿರಲಿಲ್ಲ. ಧೋ ಎಂದು ಮಳೆ, ನಿಲ್ಲುವ ಲಕ್ಷಣವೇ ಇಲ್ಲ. ಹೊಳೆ ಉಕ್ಕಿ ತಗ್ಗಿನ ರಸ್ತೆಯೊಂದರಲ್ಲಿ ಬಸ್ಸು ಸಿಕ್ಕಿಕೊಂಡಿದೆ, ಒಳಗೆ ಜನ ಇದ್ದಾರೆ ಎಂದು ಊರಿನ ಅಧಿಕಾರಿಗಳಿಂದ ವರ್ಕ್‌ಶಾಪಿಗೆ ಫೋನು ಬಂತು. ಆ ಇಸ್ಪೀಟಿನ ಜವಾನರು ಎಲೆಗಳನ್ನು ಹಾಗೇ ಕವುಚಿಟ್ಟು ಎದ್ದರು. ನನ್ನ ಕೈಯ ಚಹಾ ಆರುವ ಮೊದಲೇ ಕ್ರೇನಿನ ಲಾರಿ ಗೇಟು ದಾಟಿತ್ತು.

ಸಂಜೆ ಮೊಣಕಾಲಿನವರೆಗೆ ಕೆಸರು ಮಾಡಿಕೊಂಡು ಬಂದರು. ಜನರೆಲ್ಲ ಸುರಕ್ಷಿತ. ಕೈಕಾಲು ತೊಳೆದು, ಹಗ್ಗ, ಕೊಂಡಿಗಳನ್ನು ಒರೆಸಿ ಜಾಗಕ್ಕಿಟ್ಟು, ಬಿಟ್ಟಿದ್ದ ಆಟಕ್ಕೇ ಮತ್ತೆ ಕೂತರು. ಸುಬೇದಾರರು ನನ್ನ ಪಕ್ಕ ನಿಂತು, ಇವರಿಗೆ ಕೆಲಸ ಬಾರದ ದಿನವೇ ನಮಗೆ ಒಳ್ಳೆಯ ದಿನ ಸಾಬ್ ಎಂದರು. ವಾದ ಮಾಡುವ ದನಿಯಲ್ಲ, ಹವೆಯ ಬಗ್ಗೆ ಹೇಳಿದ ಹಾಗೆ ಹೇಳಿದರು.

೫ ಆಗಸ್ಟ್

ಹಸ್ಮುಖಭಾಯಿಯನ್ನು ನೇರವಾಗಿ ಕೇಳಿದೆ. ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ, ಮಳೆಯಲ್ಲಿ, ಊರಾಚೆ ಕರೆ ಬಂದರೆ ನಿನ್ನ ಜನ ಹೋಗುತ್ತಾರೇನು? ಆತ ಸುಳ್ಳು ಹೇಳುವವನಲ್ಲ. ಹೆಚ್ಚಿನ ದರ ಕೊಟ್ಟರೆ ಕಳಿಸುತ್ತೇನೆ, ಆದರೆ ಆರು ಗಂಟೆಯ ಮೇಲೆ ಕಾರಿಗರರೆಲ್ಲ ಮನೆಗೆ ಹೋಗಿರುತ್ತಾರೆ, ಕಾಯಲು ಕೂರಿಸಿದರೆ ನನ್ನ ದರ ನಿಮ್ಮದಕ್ಕಿಂತ ಮೇಲಾಗುತ್ತದೆ ಎಂದ. ಟೈರು, ಸೀಟು, ಬಣ್ಣ, ಎಣ್ಣೆ ಬದಲಾವಣೆ ನನಗೆ ಕೊಡಿ, ಅದರಲ್ಲಿ ನನ್ನನ್ನು ಯಾರೂ ಮೀರಿಸಲಾರರು ಎಂದೂ ಹೇಳಿದ. ಅದೂ ನಿಜ.

‘ಖಾಲಿ ಕೂತ ಸಮಯ’ ಎಂಬ ತಲೆಬರಹ ಹೊಡೆದುಹಾಕಿ ‘ಸಿದ್ಧರಾಗಿ ಕಾದ ಸಮಯ’ ಎಂದು ಬರೆದೆ. ನಷ್ಟದ ಪಟ್ಟಿಯಿಂದ ತೆಗೆದು ಸೇವೆಯ ಪಟ್ಟಿಗೆ ಹಾಕಿದೆ. ಇದು ಕೇವಲ ತಾಂತ್ರಿಕ ತಿದ್ದುಪಡಿ.

ಟಿಫಿನ್ ಬಿಡಿಸಿದ್ದೇನೆ. ಸಾರು ಒಂದು ಹದಕ್ಕೆ ಬಂದಿದೆ. ಶೇಂಗಾ ಚಟ್ನಿ ಪುಡಿಯನ್ನೂ ಕುಟ್ಟಿದೆ, ಪೂರ್ವಿ ಖಾರಕ್ಕೆ ಕುಣಿದಾಡಿದಳು.

೧೬ ಆಗಸ್ಟ್, ಶನಿವಾರ
ಸೂರತ್

ಪೂರ್ವಿಯನ್ನು ಅವಳ ಗೆಳತಿಯ ಮನೆಯಲ್ಲಿ ಬಿಟ್ಟು ಮೊದಲ ಸಲ ಸೂರತ್ತಿಗೆ ಬಂದೆ. ತಿಂಗಳ ಕೊನೆ ಹತ್ತಿರ ಬಂತು, ಸಹಿ ಆಗಬೇಕಲ್ಲ. ಗಾಡಿ ಬೇಗ ತಲುಪಿದ್ದರಿಂದ ನೇರ ಬ್ಯಾಂಕಿಗೇ ಹೋಗಿ ಗಿರಾಕಿಗಳ ಬೆಂಚಿನ ಮೇಲೆ ಕೂತೆ. ಇಂದುಮತಿ ನನ್ನನ್ನು ನೋಡಲಿಲ್ಲ. ಗಾಜಿನ ಆಚೆ ಮೇಜಿನ ಹಿಂದೆ ಕೂತಿದ್ದಳು. ಸೀರೆ ವ್ಯಾಪಾರಿಯೊಬ್ಬ ಏನೋ ಅವಸರದ ಕೆಲಸಕ್ಕೆ ಒತ್ತಾಯ ಮಾಡುತ್ತಿದ್ದ. ಅವಳು ಗುಜರಾತಿಯಲ್ಲಿ ಮೆಲ್ಲಗೆ ಆಗುವುದಿಲ್ಲ ಎಂದಳು, ಯಾಕೆ ಆಗುವುದಿಲ್ಲ ಎಂದೂ ಹೇಳಿದಳು. ಅವನು ಸರಿ ಬೆನ್ ಎಂದು ಎದ್ದು ಹೋದ. ಅವಳು ಮುಂದಿನ ಕಾಗದ ಎತ್ತಿಕೊಂಡಳು.

ಮನೆಯಲ್ಲಿ ಅವಳು ಕೂತದ್ದನ್ನು ನಾನು ಅಷ್ಟಾಗಿ ನೋಡಿಲ್ಲ. ನಾನು ನೋಡುವಾಗೆಲ್ಲ ನಿಂತಿರುತ್ತಾಳೆ. ಕುರ್ಚಿಯಲ್ಲಿ ಅವಳು ಚೆನ್ನಾಗಿ ಕಾಣುತ್ತಿದ್ದಳು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ಸಂಜೆ ಅವಳ ಖೋಲಿಯಲ್ಲಿ ಊಟಕ್ಕೆ ಕೂತೆವು. ಚಟ್ನಿ ಪುಡಿ ತಂದಿದ್ದೇನೆ, ಬ್ಯಾಗಿನಲ್ಲಿದೆ ನೋಡು ಎಂದೆ. ಪುಡಿಯ ಡಬ್ಬಿಯ ಜೊತೆ ಆ ಟೈಪು ಮಾಡಿದ ಅರ್ಜಿಯೂ ಕೈಗೆ ಬಂತು. ಓದಿದಳು. ಕೆಳಗೆ ಅವಳ ಹೆಸರು, ಸಹಿಗೆ ಬಿಟ್ಟ ಜಾಗ. ನಾನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದೆ.

“ಸಹಿ ಮಾಡಂತ ನೀವು ಹೇಳಿದ್ರ ಮಾಡ್ತೀನ್ರಿ,” ಎಂದಳು. “ಮನೀ ಮುರಕೊಂಡು ಆಫೀಸರ್ ಆಗೂ ಹುಚ್ಚು ನನಗಿಲ್ಲ. ಆದ್ರ ಬಾಯಿಲೆ ಹೇಳ್ರಿ. ಟೈಪ್ ಮಾಡಿ ಹೇಳಬ್ಯಾಡ್ರಿ.”

ದಾರಿಯುದ್ದಕ್ಕೂ ತಯಾರು ಮಾಡಿಕೊಂಡ ಮಾತುಗಳನ್ನು ಬಿಟ್ಟು, ಮುರಿದ ರೊಟ್ಟಿಯನ್ನೇ ಮತ್ತೆ ಮುರಿಯತೊಡಗಿದೆ. ಅವಳು ಅರ್ಜಿಯನ್ನು ಮಡಚಿ ತನ್ನ ಬ್ಯಾಗಿನಲ್ಲಿಟ್ಟು, ಚಟ್ನಿ ಪುಡಿ ಬಾಯಿಗೆ ಹಾಕಿಕೊಂಡು, ಉಪ್ಪು ಒಂದೀಟು ಕಡಿಮಿ ಆಗೇತಿ, ಉಳಿದದ್ದು ಛಲೋ ಅದ ಎಂದಳು.

೧೮ ಆಗಸ್ಟ್

ಮುಂಜಾನೆಯ ಗಾಡಿಗೆ ಹೊರಟೆ. ಬೋಗಿ ತುಂಬ ತಿಂಗಳ ಪಾಸಿನ ಜನ. ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿ ಬರುವುದಕ್ಕೆ ಇಲ್ಲಿ ‘ಅಪ್‌ಡೌನ್ ಮಾಡುವುದು’ ಎನ್ನುತ್ತಾರೆ. ಅಪ್‌ಡೌನಿನವರದು ಅದೇ ಒಂದು ಸಂಸಾರ. ಒಂದು ಕಡೆ ಭಜನೆ, ಒಂದು ಕಡೆ ಬ್ರೀಫ್‌ಕೇಸಿನ ಮೇಲೆ ಇಸ್ಪೀಟು. ಆಚೆ ಸೀಟಿನಲ್ಲಿ ಮೂವರು ಹೆಂಗಸರು ಸಂಜೆಯ ಅಡಿಗೆಗೆ ಈಗಲೇ ಬೆಂಡೆಕಾಯಿ ಹೆಚ್ಚುತ್ತಿದ್ದರು. ಪಕ್ಕದವನ ಜೊತೆ ಮಾತಿಗಿಳಿದೆ. ಅವನ ಹೆಂಡತಿಯ ನೌಕರಿ ಸೂರತ್ತಿನಲ್ಲಿ, ಅವನದು ವಡೋದರಾದಲ್ಲಿ, ಮನೆ ನಡುವೆ ಭರೂಚಿನಲ್ಲಿ. ಮೊನ್ನೆಯ ರಜೆಗೆ ಸೂರತ್ತಿನ ಅತ್ತೆಮನೆಗೆ ಬಂದಿದ್ದನಂತೆ. ಯಾರ ನೌಕರಿಯ ಊರಲ್ಲೂ ಮನೆ ಮಾಡದೆ ನಡುವೆ ಮಾಡಿದಿರಾ ಎಂದು ಕೇಳಿದೆ. ಇದರಲ್ಲಿ ಆಶ್ಚರ್ಯ ಏನಿದೆ ಎಂಬಂತೆ ನೋಡಿದ.

ವಡೋದರಾದಿಂದ ಸೂರತ್ತಿಗೆ ಎರಡು ತಾಸು. ವಡೋದರಾದಿಂದ ಅಹಮದಾಬಾದಿಗೂ ಹೆಚ್ಚುಕಡಿಮೆ ಅಷ್ಟೇ. ಇಷ್ಟು ಸಲ ಓಡಾಡಿದ್ದೇನೆ, ಹೊಳೆದೇ ಇರಲಿಲ್ಲ.

೨೨ ಆಗಸ್ಟ್

ವರದಿ ಕೊಟ್ಟೆ. ದಿನನಿತ್ಯದ ರಿಪೇರಿ ಕಂತ್ರಾಟಿಗೆ ಕೊಡಬಹುದು, ತಪಾಸಣೆಯ ಜನರ ಖರ್ಚು ಸೇರಿಸಿಯೂ ಸೋವಿ. ಹೊರಗಿನ ಕರೆಗೆ ಓಡುವ ತಂಡ ಮಾತ್ರ ಸ್ವಂತದ್ದೇ ಇರಬೇಕು. ಸಾಹೇಬರು, ನಾನು ಒಂದು ಅಂಕಿ ಕೇಳಿದರೆ ನೀನು ಎರಡು ಕೊಟ್ಟಿದ್ದೀಯಲ್ಲ ಎಂದು ಗೊಣಗಿದರು. ಕಾಯುವುದನ್ನು ಸೇವೆ ಎನ್ನುವುದು ಯಾವ ಕೈಪಿಡಿಯಲ್ಲಿದೆ ಎಂದು ಕೇಳಿದರು. ಕೈಪಿಡಿಯಲ್ಲಿಲ್ಲ ಸಾರ್, ವಡೋದರಾದಲ್ಲಿದೆ ಎಂದೆ. ನನ್ನ ಬಾಯಿಂದ ಇಂಥ ಮಾತು ಹೇಗೆ ಬಂತೋ. ಅವರು ನಕ್ಕು ಮುಂದೆ ಕಳಿಸಿದರು. ಮೇಲಿನವರು ಒಪ್ಪುತ್ತಾರೋ ಇಲ್ಲವೋ ನೋಡಬೇಕು.

೨೬ ಆಗಸ್ಟ್

ಮನೆಯ ಫೋನಿಗೆ ಎಸ್‌ಟಿಡಿ ಇಲ್ಲ. ಬೂತಿಗೆ ಹೋದೆ. ಗಣಪತಿ ಹಬ್ಬ ಹತ್ತಿರ, ಹಿಂದೆ ಉದ್ದ ಸರದಿ. ಗಾಜಿನ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ಒಳಗಿನ ಮಾತು ಎಲ್ಲರಿಗೂ ಪ್ರಸಾದ. ಪುಣ್ಯಕ್ಕೆ ಕನ್ನಡ ಅವರಿಗೆ ತಿಳಿಯದು. ಖೋಲಿಯ ಮಾಲಕಿ ಕರೆದು ಅವಳು ಫೋನಿಗೆ ಬರುವಷ್ಟರಲ್ಲಿ ಮೀಟರಿನ ಕೆಂಪು ಅಂಕಿಗಳು ಓಡಿಯೇ ಓಡಿದವು.

“ಸಹಿ ಮಾಡಬ್ಯಾಡ,” ಅಂದೆ.

ಲೈನು ಹೋಯಿತೇನೋ ಎಂದು ಇಂದೂ, ಇಂದೂ ಎಂದು ಕೂಗಿದೆ. ಸರದಿಯಲ್ಲಿದ್ದ ಅಜ್ಜಿಯೊಬ್ಬಳು ತಿರುಗಿ ನೋಡಿದಳು.

“ಕೇಳಸಾಕತ್ತೇತ್ರಿ,” ಎಂದಳು. “ಮುಂದ ಹೆಂಗ ಮಾಡೂಣು?”

ವಡೋದರಾ ಎಂದೆ.

೫ ಅಕ್ಟೋಬರ್, ಭಾನುವಾರ

ಮೂವರೂ ಹೋಗಿ ಫತೇಗಂಜಿನಲ್ಲಿ ಮನೆ ನೋಡಿ ಬಂದೆವು. ಚಿಕ್ಕದು, ಸುತ್ತ ಕಾಲೇಜು ಹುಡುಗರ ಗದ್ದಲ, ಆದರೆ ಸ್ಟೇಷನ್ನು ಹತ್ತಿರ. ಪೂರ್ವಿ ಗೆಳತಿಯರನ್ನು ಬಿಡಬೇಕಲ್ಲ ಎಂದು ಒಂದು ವಾರ ಮುಖ ಊದಿಸಿಕೊಂಡಿದ್ದಳು. ಇವತ್ತು ಕೆಳಗೆ ದಾಬೇಲಿ ತಿಂಡಿ ಮಾರುವ ಗಾಡಿ ನೋಡಿ ಸ್ವಲ್ಪ ಇಳಿದಿದೆ. ಇಂದುಮತಿ ಅಡಿಗೆಮನೆಯಲ್ಲಿ ನಿಂತು, ಇಬ್ಬರು ನಿಂತು ಮಾಡುವಷ್ಟು ಜಾಗ ಅದ ಎಂದಳು. ನಾನು ಅಳತೆ ನೋಡಿದೆ. ಅದ.

೩ ನವೆಂಬರ್, ಸೋಮವಾರ
ಫತೇಗಂಜ್, ವಡೋದರಾ

ದೀಪಾವಳಿ ಮುಗಿಯಿತು. ಅಪ್‌ಡೌನಿನ ಮೊದಲ ದಿನ. ಎರಡು ಡಬ್ಬಿ ಕಟ್ಟಿದೆವು. ಪಲ್ಯ ಅವಳದು, ಚಪಾತಿ ನನ್ನದು, ಗುಂಡಗಿಲ್ಲ. ಪೂರ್ವಿಯನ್ನು ಶಾಲೆಗೆ ಬಿಟ್ಟು ಸ್ಟೇಷನ್ನಿಗೆ ಬಂದೆವು. ನನ್ನ ಗಾಡಿ ಆಚೆ ಪ್ಲಾಟ್‌ಫಾರ್ಮಿಗೆ, ಅವಳದು ಈಚೆಗೆ. ಅವಳ ಗಾಡಿ ತಡ ಎಂದು ಮೈಕಿನಲ್ಲಿ ಹೇಳಿದರು. ಬೆಂಚಿನ ಮೇಲೆ ಕೂತೆವು. ಎರಡು ಮನೆ ಒಂದಾದ ಮೇಲೆ ಈಗ ಒಟ್ಟು ಖರ್ಚು ಎಷ್ಟು ಬೀಳತದ ಎಂದು ಕೇಳಿದಳು. ಇನ್ನೂ ಹಾಕಿಲ್ಲ ಎಂದೆ. ಹಣೆ ಮುಟ್ಟಿ ನೋಡಿದಳು, ಜ್ವರ ಇಲ್ಲವಲ್ಲ ಎಂದು ಚೇಷ್ಟೆಗೆ.

ಚಳಿಗಾಲದ ಎಳೆಬಿಸಿಲು ಕಾಲ ಮೇಲೆ ಬಿದ್ದಿತ್ತು. ಆಚೆ ನನ್ನ ಗಾಡಿ ಬಂತು, ನಿಂತಿತು. ಇಂದುಮತಿ ನನ್ನ ತೋಳು ತಟ್ಟಿದಳು, ನಾನು ಏಳಲಿಲ್ಲ. ಸೀಟಿ ಹಾಕಿತು, ಹೊರಟಿತು.

“ಅಯ್ಯ, ನಿಮ್ಮ ಗಾಡಿ ಹೋತಲ್ರಿ,” ಎಂದಳು.

“ಹೋಗ್ಲಿ ಬಿಡು,” ಎಂದೆ. “ನಿಂದು ಬರಲಿ.”